ಹದಿನೆಂಟು ಅಡಿ ಉದ್ದದ ಆಕಾಶ

ಎಡಕ್ಕೆ ಹೋದರೂ ಹೊಳೆ ಸಿಕ್ಕಿತು, ಬಲಕ್ಕೆ ಹೋದರೂ ಹೊಳೆಯೇ ಸಿಕ್ಕಿತು. ಮೂರನೇ ಸಲವೂ ಅದೇ ಎಮ್ಮೆ, ಅದೇ ಮನುಷ್ಯ ಎದುರಾದಾಗ ವಾರಿಜ ಹೆಗಲ ಚೀಲ ಇಳಿಸಿ ದಂಡೆಯ ಮೇಲೆ ಕೂತುಬಿಟ್ಟಳು.

"ಅಣ್ಣಾ, ದಾರಿ ತಪ್ಪಿದೆ."

"ಅದು ಆಗಲೇ ಗೊತ್ತಾಯ್ತು ತಾಯಿ. ಮೊದಲನೇ ಸಲವೇ ಹೇಳೋಣ ಅಂದ್ಕೊಂಡೆ. ನೀವು ಬಲು ನಂಬಿಕೆಯಿಂದ ನಡೀತಿದ್ರಿ." ಅವನು ಎಮ್ಮೆಯ ಬೆನ್ನು ಉಜ್ಜುವುದನ್ನು ನಿಲ್ಲಿಸಲಿಲ್ಲ. "ಎಲ್ಲಿಗೆ ಹೋಗಬೇಕು?"

"ಹವಾ ಕಟ್ಟಿಹಾಕೋ ಗುರು ಒಬ್ಬರಿದ್ದಾರಂತಲ್ಲ, ದುಂಡಮ್ಮ ಅಂತ. ಅವರ ಆಶ್ರಮಕ್ಕೆ."

ಅವನು ಎಮ್ಮೆಯ ಮುಖ ನೋಡಿದ. ಎಮ್ಮೆಗೂ ಆಶ್ಚರ್ಯವಾದಂತೆ ಕಂಡಿತು.

"ನಮ್ಮ ದುಂಡಮ್ಮನ ರೇಷ್ಮೆಹುಳದ ಮನೆ ಯಾವಾಗ ಆಶ್ರಮ ಆಯ್ತು? ಆದರೂ ಆಗಿರಬಹುದು ಬಿಡಿ. ಚಪ್ಪಲಿ ಹೊರಗೆ ಬಿಡಬೇಕು, ಒಳಗೆ ಗಟ್ಟಿಯಾಗಿ ಮಾತಾಡೋ ಹಾಗಿಲ್ಲ, ಹೊತ್ತುಹೊತ್ತಿಗೆ ಊಟ ಹುಳಗಳಿಗೆ ಮಾತ್ರ. ಆ ಹಿಪ್ಪುನೇರಳೆ ತೋಟದ ನಡುವೆ ಕಿಟಕಿಗಳಿಗೆಲ್ಲ ಒದ್ದೆ ಗೋಣಿತಾಟು ಕಟ್ಟಿರೋ ಮನೆ. ಈ ಸಲ ಹೊಳೆ ಕಡೆ ತಿರುಗಬೇಡಿ."

ವಾರಿಜ ಏಳು ದೇಶಗಳ ಮೋಡಕ್ಕೆ ಉಪ್ಪು ಹಾಕಿದವಳು. ಅದು ಅವಳ ಕಸುಬು. ಸಣ್ಣ ವಿಮಾನದಲ್ಲಿ ಕೂತು ತುಂಬಿದ ಮೋಡವನ್ನು ಆರಿಸುವುದು, ಅದರೊಳಗೆ ನುಗ್ಗಿ ಉಪ್ಪಿನ ಪುಡಿ ಉದುರಿಸುವುದು. ಜನ ಅದಕ್ಕೆ ಮೋಡ ಬಿತ್ತನೆ ಅನ್ನುತ್ತಾರೆ. ಆಕಾಶದಲ್ಲಿ ದಾರಿ ತಪ್ಪಿದವಳಲ್ಲ. ನೆಲದ ಮೇಲೆ ಮಾತ್ರ ಹೀಗೆ.

ಮನೆ ಸಿಕ್ಕಿತು. ಬಾಗಿಲಲ್ಲಿ ಅರವತ್ತೈದು ದಾಟಿದ ಹೆಂಗಸು ಸೊಪ್ಪಿನ ಹೊರೆ ಇಳಿಸುತ್ತಿದ್ದಳು.

"ಕೈಕಾಲು ತೊಳೆದು ಬಾ. ಸೆಂಟು ಹಾಕಿದ್ದೀಯಾ?"

"ಸ್ವಲ್ಪ."

"ಹಂಗಾದರೆ ಸ್ನಾನ ಮಾಡ್ಕೊಂಡು ಬಾ. ನಾಳೆ ಹುಟ್ಟೋ ನನ್ನ ಹುಳಕ್ಕೆ ಅದು ಆಗಲ್ಲ."

ಸ್ನಾನ ಮಾಡಿ ಬಂದ ಮೇಲೆ ವಾರಿಜ ತಾನು ಬಂದ ಕಾರಣ ಹೇಳಿದಳು.

"ಹೋದ ಮಳೆಗಾಲದಲ್ಲಿ ಹೊಳೆ ಆಚೆ ದಿಬ್ಬದ ಊರುಗಳಲ್ಲಿ ಮಳೆ ಕೈಕೊಟ್ಟಿತ್ತು. ನಮ್ಮನ್ನ ಕರೆಸಿದರು. ಬಿತ್ತನೆ ಮಾಡಿದೆ. ಮೂರು ದಿನ ಬಿಡದೆ ಸುರೀತು. ಜನ ನನಗೆ ಹಾರ ಹಾಕಿದರು, ಟ್ರ್ಯಾಕ್ಟರ್ ಮೇಲೆ ಮೆರವಣಿಗೆ ಮಾಡಿದರು."

"ಒಳ್ಳೇದಾಯ್ತಲ್ಲ."

"ಮಾರನೇ ವಾರ ಕೆಂಪಾಜಮ್ಮ ಅನ್ನೋರು ನನ್ನ ಹುಡುಕಿಕೊಂಡು ಬಂದರು. ಕೈಯಲ್ಲಿ ಒಂದು ಬುಟ್ಟಿ ಕೆಟ್ಟ ರೇಷ್ಮೆಗೂಡು. 'ಆ ಮಳೆ ನಿಂದಂತಲ್ಲ?' ಅಂದರು. ಹೌದು ಅಂದೆ. ಬುಟ್ಟೀನ ನನ್ನ ಕಾಲ ಹತ್ರ ಇಟ್ಟರು. 'ಹಂಗಾದರೆ ಇದೂ ನಿಂದೇ' ಅಂದರು."

ದುಂಡಮ್ಮ ಕೈಯಲ್ಲಿದ್ದ ಎಲೆ ಬಿಟ್ಟು ಅವಳನ್ನು ನೋಡಿದಳು. "ಗೂಡು ಕಟ್ಟೋ ಹೊತ್ತಲ್ಲಿ ತೇವ ಆದರೆ ಆ ಗೂಡಿಂದ ನೂಲು ಬಿಚ್ಚಲ್ಲ. ಒಂದು ತಿಂಗಳ ಗೇಮೆ ಅಷ್ಟೂ ಗುಂಡಿಗೆ. ನೀನೇನಂದೆ?"

ವಾರಿಜ ತಲೆ ತಗ್ಗಿಸಿದಳು. "ಆ ಮಳೆ ನಂದೇ ಅಂತ ಖಚಿತವಾಗಿ ಹೇಳಕ್ಕಾಗಲ್ಲ, ಅದಾಗೇ ಬರೋ ಮಳೆಯೂ ಇದ್ದಿರಬಹುದು ಅಂದೆ."

"ಹಾರ ಹಾಕಿದಾಗ?"

"ಆಗ ನಂದೇ ಆಗಿತ್ತು."

ದುಂಡಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ವಾರಿಜಳಿಗೆ ಬೈಗುಳ ಇದಕ್ಕಿಂತ ಸುಲಭ ಅನ್ನಿಸಿತು.

"ದುಡ್ಡು ಕೊಡೋಕೆ ಹೋದೆ ಅವ್ವ. ಮುಟ್ಟಲಿಲ್ಲ. 'ನನ್ನ ಒಂದು ಬೆಳೆ ಕೆಡಿಸಿದ್ದೀಯ, ಒಂದು ಬೆಳೆ ಕೊಡು. ನಿನ್ನ ಕೈಯಾರೆ ಸಾಕಿದ್ದು. ಬರದಿದ್ದರೆ ದುಂಡಮ್ಮನ ಹತ್ರ ಹೋಗಿ ಕಲಿ' ಅಂದರು. ಆಮೇಲೆ ಮೂರು ದೇಶ ತಿರುಗಿದೆ. ಯಾವ ಮೋಡ ನೋಡಿದರೂ ಆ ಬುಟ್ಟಿಯೇ ಕಾಣುತ್ತೆ. ಅದನ್ನ ತೀರಿಸದೆ ಇನ್ನೊಂದು ಮೋಡಕ್ಕೆ ಕೈ ಹಾಕೋಕೆ ಧೈರ್ಯ ಬರ್ತಾ ಇಲ್ಲ."

"ನಾಳೆ ಮೊಟ್ಟೆ ಒಡೆಯುತ್ತೆ. ಒಂದು ತಿಂಗಳು. ಒಂದೇ ಜಾಗದಲ್ಲಿ ಇರೋಕಾಗುತ್ತಾ ನಿನ್ನ ಕೈಲಿ?"

"ಇಲ್ಲಿಯವರೆಗೂ ಆಗಿಲ್ಲ."

"ಸುಳ್ಳು ಹೇಳಲ್ಲ ನೀನು. ಇರು."

ಮೊಟ್ಟೆ ಒಡೆದು ಹೊರಬಂದ ಹುಳಗಳು ಸಾಸಿವೆಗಿಂತ ಸಣ್ಣಗಿದ್ದವು. ವಾರಿಜ ಚೀಲದಿಂದ ಶಾಖ ಮತ್ತು ತೇವ ಅಳೆಯುವ ಯಂತ್ರ ತೆಗೆದು ಗೋಡೆಗೆ ನೇತುಹಾಕಿದಳು. ಗುರುವಿಗೆ ಕೋಪ ಬರಬಹುದು ಅಂದುಕೊಂಡಿದ್ದಳು.

ದುಂಡಮ್ಮ ಕಣ್ಣು ಮುಚ್ಚಿ ಕೋಣೆಯ ನಡುವೆ ನಿಂತು, ಬರಿಗಾಲನ್ನು ನೆಲಕ್ಕೆ ಒತ್ತಿ, ಕೆನ್ನೆಯನ್ನು ಗಾಳಿಗೆ ತಿರುಗಿಸಿದಳು.

"ಇಪ್ಪತ್ತೇಳು."

ಯಂತ್ರ ಇಪ್ಪತ್ತೇಳೂವರೆ ಅಂದಿತು.

"ಯಂತ್ರ ಒಳ್ಳೇದು ಕಣವ್ವ. ಇರಲಿ ಬಿಡು. ನನ್ನ ಕೆನ್ನೆಗೂ ವಯಸ್ಸಾಯ್ತು, ಅರ್ಧರ್ಧ ಕದಿಯೋಕೆ ಶುರು ಮಾಡೈತೆ."

ಆಮೇಲೆ ಹೋಗಿ ಬಡಗಣ ಕಿಟಕಿಯನ್ನು ಎರಡು ಬೆರಳಷ್ಟು ತೆಗೆದಳು. ತೆಂಕಣ ಕಿಟಕಿಯ ಗೋಣಿಗೆ ಒಂದು ಚೊಂಬು ನೀರು ಎರಚಿದಳು. ಅಷ್ಟೇ. ಕೋಣೆಯ ಉಸಿರೇ ಬದಲಾಯಿತು. ವಾರಿಜ ಯಂತ್ರ ನೋಡಿದಳು. ಮುಳ್ಳು ಮೆಲ್ಲಗೆ ಇಳಿದು ಇಪ್ಪತ್ತಾರರ ಹತ್ತಿರ ನಿಂತಿತು.

ಕೋಟಿಗಟ್ಟಲೆ ಖರ್ಚಿನ ತಂಡಗಳಲ್ಲಿ ಕೆಲಸ ಮಾಡಿದವಳು ಅವಳು. ಇಷ್ಟು ಅಚ್ಚುಕಟ್ಟಾದ ಕೆಲಸ ಎಲ್ಲೂ ನೋಡಿರಲಿಲ್ಲ.

"ಅವ್ವ, ಹವೆಯನ್ನ ಮನುಷ್ಯರು ಆಳಬಹುದಾ?"

"ಹದಿನೆಂಟು ಅಡಿ ಉದ್ದ, ಹನ್ನೆರಡು ಅಡಿ ಅಗಲ. ಇಷ್ಟು ಆಳ್ತಾ ಇದೀನಿ. ನಲವತ್ತೆರಡು ವರ್ಷ ಆಯ್ತು."

"ಇದು ಕೋಣೆ. ನಾನು ಕೇಳಿದ್ದು ಆಕಾಶ."

"ಆಕಾಶ ಎಲ್ಲಿಂದ ಶುರುವಾಗುತ್ತೆ, ನಿನ್ನ ಲೆಕ್ಕದಲ್ಲಿ?"

ವಾರಿಜ ಅಷ್ಟು ವರ್ಷ ಹಾರಾಡಿದ್ದಳು, ಯಾರೂ ಕೇಳಿರಲಿಲ್ಲ.

"ನನ್ನ ಲೆಕ್ಕದಲ್ಲಿ ನೆಲದಿಂದ," ಅಂದಳು ದುಂಡಮ್ಮ. "ಆ ಸೊಪ್ಪು ಇನ್ನೂ ಸಣ್ಣಗೆ ಹೆಚ್ಚು."

ದಿನಗಳು ಸೊಪ್ಪಿನ ಲೆಕ್ಕದಲ್ಲಿ ಹೋದವು. ಹುಳಗಳು ತಿಂದವು, ಬೆಳೆದವು, ಜ್ವರಕ್ಕೆ ಕೂತವು. ಹುಳ ತಲೆ ಎತ್ತಿಕೊಂಡು ಒಂದು ದಿನ ಅಲುಗಾಡದೆ ಕೂತು ಹಳೆಯ ಚರ್ಮ ಕಳಚುವುದಕ್ಕೆ ಅಲ್ಲಿ ಜ್ವರ ಅನ್ನುತ್ತಾರೆ. ಅಂಥ ನಾಲ್ಕು ಜ್ವರ ದಾಟಿದರೆ ಮಾತ್ರ ಗೂಡು.

ಸೊಪ್ಪು ಹಾಕುತ್ತ ದುಂಡಮ್ಮ ಮೋಡದ ವಿಷಯ ಕೇಳುತ್ತಿದ್ದಳು. ಕೇಳಿ ಕೇಳಿ ದಣಿಯುತ್ತಿರಲಿಲ್ಲ.

"ಒಳಗೆ ಹೋಗಿದ್ದೀಯಾ? ಮೋಡದ ಒಳಗೇ?"

"ನೂರಾರು ಸಲ."

"ಹೆಂಗಿರುತ್ತೆ?"

"ಬೆಳ್ಳಗೆ. ಏನೂ ಕಾಣಲ್ಲ. ಗಾಳಿ ನಮ್ಮನ್ನ ಜರಡಿಯಲ್ಲಿ ಹಾಕಿ ಅಲ್ಲಾಡಿಸಿದ ಹಾಗೆ. ಆಮೇಲೆ ಇದ್ದಕ್ಕಿದ್ದ ಹಾಗೆ ಗಾಜಿನ ಮೇಲೆ ಹನಿ."

"ಹನಿ ಹುಟ್ಟೋದನ್ನೇ ನೋಡಿದ್ದೀಯ!" ದುಂಡಮ್ಮ ಸೊಪ್ಪಿನ ಬುಟ್ಟಿ ಕೆಳಗಿಟ್ಟಳು. "ಮನುಷ್ಯರು ಅಂದರೆ ಸುಮ್ಮನೆ ಅಲ್ಲ ಕಣವ್ವ. ಉಪ್ಪು ತಗೊಂಡು ಮೋಡದ ಮನೆಗೇ ಹೋಗ್ತಾರೆ."

"ನೀವು ಬೈತೀರಿ ಅಂದ್ಕೊಂಡಿದ್ದೆ."

"ಯಾಕೆ ಬೈಯಲಿ? ಅಲ್ಲಿ ರಾಗಿ ಒಣಗ್ತಿತ್ತು, ನೀನು ಹೋದೆ. ಸುಮ್ಮನೆ ಕೂತಿದ್ದರೆ ಬೈತಿದ್ದೆ."

"ಜನ ಹೇಳ್ತಾರೆ, ಪ್ರಕೃತಿ ಕೆಲಸಕ್ಕೆ ನಾವು ಕೈ ಹಾಕಬಾರದು ಅಂತ."

ದುಂಡಮ್ಮ ಒಂದು ಹುಳವನ್ನು ಅಂಗೈ ಮೇಲೆ ಇಟ್ಟುಕೊಂಡಳು. "ಇದನ್ನ ತೋಟದಲ್ಲಿ ಗಿಡದ ಮೇಲೆ ಬಿಡು. ಸೊಪ್ಪಿನ ನಡುವೆಯೇ ಇದ್ದರೂ ಮೂರು ದಿನ ಬದುಕಲ್ಲ. ಬಿಸಿಲು ತಡೆಯಲ್ಲ, ಗಾಳಿ ತಡೆಯಲ್ಲ. ಯಾವುದೋ ಕಾಲದಲ್ಲಿ ನಮ್ಮಂಥೋರು ಯಾರೋ, ಬನ್ನಿ, ನಿಮ್ಮ ಹವಾ ನಾವು ನೋಡ್ಕೋತೀವಿ ಅಂತ ಒಳಗೆ ಕರೆದರು. ಇವು ನಂಬಿಕೊಂಡು ಬಂದವು. ಈಗ ನಾನು ಪ್ರಕೃತಿಗೆ ಬಿಟ್ಟೆ ಅಂತ ಕಿಟಕಿ ತೆಗೆದಿಟ್ಟು ನೆಂಟರ ಮನೆಗೆ ಹೋಗಕ್ಕಾಗುತ್ತಾ?"

"ಹಾಗಾದರೆ ಆಳಬೇಕು?"

"ಆಳೋದು ಅಂತ ಯಾಕಂತೀಯ? ಊಟಕ್ಕೆ ಎಲೆ ಹಾಕೋದು ಅನ್ನು. ಹಾಕಿದ ಮೇಲೆ ಪಂಕ್ತಿ ಏಳೋವರೆಗೂ ಅಲ್ಲೇ ಇರಬೇಕು."

ನಾಲ್ಕನೇ ಜ್ವರ ಬಂತು. ದುಂಡಮ್ಮ ತೋಟಕ್ಕೆ ಹೊರಟವಳು ಬಾಗಿಲಲ್ಲಿ ತಿರುಗಿ ಹೇಳಿದಳು, "ಎಲ್ಲವೂ ಏಳೋವರೆಗೂ ಸೊಪ್ಪು ಹಾಕಬೇಡ."

ಮಧ್ಯಾಹ್ನದ ಹೊತ್ತಿಗೆ ಬಾಗಿಲ ಬಳಿಯ ತಟ್ಟೆಯಲ್ಲಿ ಕೆಲವು ಹುಳ ಎದ್ದವು. ಹೊಸ ಚರ್ಮ, ದೊಡ್ಡ ತಲೆ. ತಟ್ಟೆಯ ಅಂಚಿಗೆ ಬಂದು ಗಾಳಿಯಲ್ಲಿ ಕತ್ತು ಆಡಿಸಿದವು. ಹಸಿದಿವೆ ಅನ್ನುವುದಕ್ಕೆ ಯಂತ್ರ ಬೇಕಿರಲಿಲ್ಲ.

ವಾರಿಜ ಒಂದು ಗಂಟೆ ತಡೆದಳು. ಆಮೇಲೆ ತಡೆಯಲಿಲ್ಲ. ಎಳೆಯ ಸೊಪ್ಪು ಆರಿಸಿ, ನೀರು ಚಿಮುಕಿಸಿ, ಆ ತಟ್ಟೆಯ ತುಂಬ ಹಾಸಿದಳು. ತಿನ್ನುವ ಸದ್ದು ಕೇಳಿ ಅವಳ ಹೊಟ್ಟೆಯೇ ತುಂಬಿತು.

ದುಂಡಮ್ಮ ಬಂದಳು. ತಟ್ಟೆ ನೋಡಿದಳು. ಸೊಪ್ಪಿನ ಒಂದು ಪದರವನ್ನು ಎತ್ತಿ ಹಿಡಿದಳು.

ಕೆಳಗೆ ಇನ್ನೂ ಜ್ವರದಲ್ಲಿದ್ದ ಹುಳಗಳು. ಒದ್ದೆ ಎಲೆ ಅವುಗಳ ಮೇಲೆ ಕಂಬಳಿ ಹೊದಿಸಿದಂತೆ ಕೂತಿತ್ತು. ಚರ್ಮ ಅರ್ಧ ಕಳಚಿ, ಅರ್ಧ ಅಂಟಿಕೊಂಡು, ಕೆಲವು ಆಗಲೇ ಕಪ್ಪಾಗಿದ್ದವು.

"ಹಸಿದಿದ್ದವು ಅವ್ವ. ತಲೆ ಎತ್ತಿ ಎತ್ತಿ ಕೇಳ್ತಿದ್ದವು."

"ಹೌದು. ಎದ್ದವು ಕೇಳ್ತವೆ."

"ಇವು ಕೇಳಲಿಲ್ಲ."

"ಇವು ಹೆಂಗೆ ಕೇಳ್ತವೆ?"

ವಾರಿಜಳಿಗೆ ದಿಬ್ಬದ ಊರುಗಳಿಂದ ತನ್ನನ್ನು ಕರೆಯಲು ಬಂದಿದ್ದವರ ಮುಖಗಳು ಒಂದೊಂದಾಗಿ ನೆನಪಾದವು.

"ಹಾರ ಹಾಕಿದವರೆಲ್ಲ ರಾಗಿ ಬಿತ್ತಿದವರು," ಅಂದಳು. "ರೇಷ್ಮೆಯವರು ಒಬ್ಬರೂ ಕರೆಯೋಕೆ ಬಂದಿರಲಿಲ್ಲ."

"ಗೂಡು ಕಟ್ಟೋ ವಾರ ಯಾರು ಮನೆ ಬಿಟ್ಟು ಬರ್ತಾರೆ?"

"ನಾನು ಕೇಳಬೇಕಿತ್ತು."

"ಆ ತಟ್ಟೆ ತಗೊಂಡು ಹೋಗಿ ಗುಂಡಿಗೆ ಹಾಕು. ಒಂದೇ ತಟ್ಟೆ ಹೋಯ್ತು. ಮಿಕ್ಕವು ಏಳ್ತಾ ಅವೆ, ಅವಕ್ಕೆ ಎಲೆ ಕುಯ್ಯಬೇಕು. ಅಳೋದಿದ್ದರೆ ಕುಯ್ಯುತ್ತಾ ಅಳು."

ಹುಳಗಳು ಹಣ್ಣಾದವು. ಮೈ ಬೆಣ್ಣೆಯ ಬಣ್ಣಕ್ಕೆ ತಿರುಗಿ, ತಿನ್ನುವುದನ್ನು ಬಿಟ್ಟು, ನೂಲು ಬಿಡಲು ಜಾಗ ಹುಡುಕತೊಡಗಿದವು. ಇಬ್ಬರೂ ಸೇರಿ ಅವನ್ನು ಆರಿಸಿ ಚಂದ್ರಿಕೆಗಳ ಮೇಲೆ ಬಿಟ್ಟರು. ಚಂದ್ರಿಕೆ ಅಂದರೆ ಹೆಣೆದ ಬಿದಿರಿನ ದೊಡ್ಡ ತಟ್ಟಿ. ಅದರ ಸುರುಳಿ ಸಂದುಗಳಲ್ಲಿ ಹುಳ ಗೂಡು ಕಟ್ಟುತ್ತದೆ. ಇಪ್ಪತ್ತು ಚಂದ್ರಿಕೆಗಳನ್ನು ಅಂಗಳದ ಚಪ್ಪರದ ನೆರಳಿಗೆ ಒರಗಿಸಿದರು. ಗಾಳಿ ಹಿತವಾಗಿತ್ತು.

ವಾರಿಜ ಮೇಲೆ ನೋಡಿದಳು. ನೈಋತ್ಯಕ್ಕೆ ಒಂದು ಮೋಡ, ಹೂಕೋಸಿನಂತೆ ತಲೆ ಎತ್ತಿಕೊಂಡು.

"ಅವ್ವ, ಒಳಗೆ ಸಾಗಿಸಬೇಕು. ಮಳೆ ಬರುತ್ತೆ."

"ಬೇಸಿಗೆ ಮೋಡ ಕಣವ್ವ, ಹೆದರಿಸಿ ಹೋಗುತ್ತೆ. ಬಂದರೂ ಸಂಜೆಗೆ. ನನ್ನ ಮೊಣಕಾಲು ಹೇಳ್ತಾ ಐತೆ."

"ನಲವತ್ತು ನಿಮಿಷ."

"ಮೊಣಕಾಲು ನಲವತ್ತು ವರ್ಷದಿಂದ ತಪ್ಪಿಲ್ಲ."

"ಅದರ ಬುಡ ನೋಡಿ. ಕಪ್ಪಾಗಿ ಸಮನಾಗಿದೆ. ಅಂಥಾ ಮೋಡದೊಳಗೆ ನಾನು ಹೋಗಿ ಬಂದಿದ್ದೀನಿ. ನಲವತ್ತು ನಿಮಿಷ ಅವ್ವ!"

ದುಂಡಮ್ಮ ಅವಳ ಮುಖ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಕೊನೆಯ ಚಂದ್ರಿಕೆ ಬಾಗಿಲು ದಾಟಿದಾಗ ಅಂಗಳದಲ್ಲಿ ಮೊದಲ ಹನಿ ಬಿತ್ತು, ಹುಣಿಸೆಬೀಜದಷ್ಟು ದಪ್ಪ. ವಾರಿಜ ಗಡಿಯಾರ ನೋಡಿದಳು. ಮೂವತ್ತೆಂಟು ನಿಮಿಷ.

"ಎರಡು ನಿಮಿಷ ತಪ್ಪಿದೆ," ಅಂದಳು.

ದುಂಡಮ್ಮ ಏದುಸಿರು ಬಿಡುತ್ತ ಮೊಣಕಾಲಿಗೆ ಒಂದು ಗುದ್ದು ಕೊಟ್ಟಳು. "ಸಾಕು ನಿನ್ನ ಮಾತು ಕೇಳಿದ್ದು." ಶಿಷ್ಯೆಯ ಗಲ್ಲ ಹಿಡಿದು, ದೃಷ್ಟಿ ತೆಗೆದು, ಬೆರಳು ನೆಟಿಗೆ ಮುರಿದಳು. "ಎಂಥಾ ಕಣ್ಣು ತಾಯಿ ನಿಂದು!"

ಮಳೆ ನಿಲ್ಲಲಿಲ್ಲ. ಮೂರು ದಿನ. ಯಂತ್ರದ ತೇವದ ಮುಳ್ಳು ಏರುತ್ತಲೇ ಹೋಯಿತು. ಕೆಂಡದ ಕುಂಡಗಳನ್ನು ಮೂಲೆಗೊಂದರಂತೆ ಇಟ್ಟರು. ಕೆಂಡ ಹೆಚ್ಚಾದರೆ ಹೊಗೆ, ಕಡಿಮೆಯಾದರೆ ತೇವ. ಕಿಟಕಿ ತೆಗೆದರೆ ಎರಚಲು, ಮುಚ್ಚಿದರೆ ಉಸಿರು ಕಟ್ಟುತ್ತದೆ. ವಾರಿಜ ಒಂದು ಕಣ್ಣು ಯಂತ್ರದ ಮೇಲೆ, ಒಂದು ಕೈ ಕಿಟಕಿಯ ಮೇಲೆ ಇಟ್ಟುಕೊಂಡು ನಿಂತಳು. ದುಂಡಮ್ಮ ಕೆನ್ನೆಯಿಂದ ಹೇಳುತ್ತಿದ್ದಳು, "ಒಂದು ಬೆರಳು ತೆಗಿ. ಸಾಕು. ಅರ್ಧ ಮುಚ್ಚು."

ಮೂರು ದಿನ ವಾರಿಜ ಆ ಹದಿನೆಂಟು ಅಡಿ ಬಿಟ್ಟು ಹೊರಗೆ ಹೋಗಲಿಲ್ಲ. ಅಷ್ಟು ಹೊತ್ತು ಒಂದೇ ಸೂರಿನಡಿ ಅವಳು ಕಾಯಿಲೆ ಬಿದ್ದಾಗಲೂ ಇದ್ದದ್ದಿಲ್ಲ.

ಎರಡನೇ ದಿನ ಊದುಕೊಳವೆ ಕೆಳಗಿಟ್ಟು ಕೇಳಿದಳು, "ಅವ್ವ, ಈ ಮಳೆ ಯಾರದು?"

"ಯಾರೂ ಬಂದು ನಂದು ಅಂದಿಲ್ಲ. ಅದಕ್ಕೇ ಬೈಯೋಕೆ ಯಾರೂ ಸಿಗ್ತಾ ಇಲ್ಲ."

ವಾರಿಜ ನಕ್ಕಳು.

"ನಗಬೇಡ. ನಿಮ್ಮಂಥೋರು ಬಂದ ಮೇಲೆ ಅದೊಂದು ದೊಡ್ಡ ಉಪಕಾರ ಆಗೈತೆ. ನಮ್ಮಜ್ಜಿ ಕಾಲದಿಂದ ಬೈಯೋಕೆ ಮೇಲೆ ಯಾರೂ ಇರಲಿಲ್ಲ. ಕೆಂಪಾಜಮ್ಮ ಒಂದು ಬುಟ್ಟಿ ಹಿಡ್ಕೊಂಡು ಎಲ್ಲಿಗೆ ಹೋಗಬೇಕು ಅಂತ ಗೊತ್ತಿತ್ತಲ್ಲ, ಅದು ಸಣ್ಣ ಮಾತಲ್ಲ."

"ಆದರೆ ಆವತ್ತಿನ ಮಳೆ ನಂದು ಹೌದೋ ಅಲ್ಲವೋ ನಿಜವಾಗಿಯೂ ಗೊತ್ತಿಲ್ಲ ಅವ್ವ. ಯಾವ ಯಂತ್ರವೂ ಹೇಳಲ್ಲ."

"ಈ ಮಳೇಲಿ ನನ್ನ ಗೂಡು ಉಳಿದರೆ ಅದು ನನ್ನಿಂದಲೋ, ಕೆಂಡದಿಂದಲೋ, ನಿನ್ನ ಕಣ್ಣಿಂದಲೋ, ಯಾರು ಹೇಳ್ತಾರೆ? ಕುಂಡ ಊದು. ಆರ್ತಾ ಐತೆ."

ಆರನೇ ದಿನ ಗೂಡು ಬಿಡಿಸಿದರು. ಬಿಳುಪು, ಗಟ್ಟಿ. ದುಂಡಮ್ಮ ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗಿನ ಹುಳ ಒಣಗಿದ ಕಾಳಿನಂತೆ ಸದ್ದು ಮಾಡಿತು. ಇನ್ನೊಂದನ್ನು ಬಿಸಿನೀರಿಗೆ ಹಾಕಿ ಎಳೆ ಹಿಡಿದು ಎಳೆದಳು. ಎಳೆ ತುಂಡಾಗದೆ ಬಂತು, ಬರುತ್ತಲೇ ಇತ್ತು. ಅಂಗಳದ ಆಚೆ ಬೇಲಿಯವರೆಗೂ ಹಿಡಿದುಕೊಂಡು ನಡೆದುಹೋದಳು.

"ಅಯ್ಯೋ, ಬಿಚ್ಚುತ್ತೆ ಕಣೇ!" ಅಂತ ಬೇಲಿಯಿಂದ ಕೂಗಿದಳು, ಮೊದಲ ಬೆಳೆ ತೆಗೆದವಳ ಹಾಗೆ.

ಗೂಡನ್ನು ಬಟ್ಟೆ ಗಂಟುಗಳಲ್ಲಿ ಕಟ್ಟಿ ಹರಿಗೋಲಿನಲ್ಲಿ ಹೊಳೆ ದಾಟಿದರು. ದುಂಡಮ್ಮ ತಾನೂ ಬರುತ್ತೇನೆ ಅಂದಳು.

ಕೆಂಪಾಜಮ್ಮ ಜಗಲಿಯ ಮೇಲೆ ಸೊಪ್ಪು ಹೆಚ್ಚುತ್ತಿದ್ದಳು. ವಾರಿಜಳನ್ನು ನೋಡಿದಳು, ಗಂಟುಗಳನ್ನು ನೋಡಿದಳು, ಏಳಲಿಲ್ಲ.

"ಬಂದೆಯಾ? ಬರಲ್ಲ ಅಂತ ಮಾಡಿದ್ದೆ."

"ತಂದಿದ್ದೀನಿ ಅಕ್ಕ. ನನ್ನ ಕೈಯಾರೆ ಸಾಕಿದ್ದು."

"ಈ ದೊಡ್ಡವ್ವ ಸಾಕಿ ಕೊಟ್ಟಿದ್ದಲ್ಲ ತಾನೆ?"

ದುಂಡಮ್ಮ ಮೊಣಕಾಲು ನೀವಿಕೊಳ್ಳುತ್ತ, "ನಾನು ಬರೀ ಮಾತಾಡಿದೆ," ಅಂದಳು.

ಕೆಂಪಾಜಮ್ಮ ಗಂಟು ಬಿಚ್ಚಿ ಒಂದು ಗೂಡು ತೆಗೆದು ಬೆರಳಲ್ಲಿ ಒತ್ತಿ ನೋಡಿದಳು. ಇನ್ನೊಂದು. ಮತ್ತೊಂದು. ವಾರಿಜ ನಿಂತೇ ಇದ್ದಳು.

"ಈ ಮೂರು ದಿನದ ಮಳೇಲಿ ತೆಗೆದದ್ದಾ ಇದು?"

"ಹೌದು ಅಕ್ಕ. ಪೂರ್ತಿ ಬೆಳೆ ಅಲ್ಲ. ಒಂದು ತಟ್ಟೆ ಕೆಡಿಸಿದೆ. ಜ್ವರದಲ್ಲಿ ಸೊಪ್ಪು ಹಾಕಿಬಿಟ್ಟೆ."

ಕೆಂಪಾಜಮ್ಮನ ಮುಖ ಸಡಿಲವಾಯಿತು. "ಒಂದೇನಾ? ನಾನು ಮದುವೆಯಾಗಿ ಬಂದ ವರ್ಷ ಆರು ಕೆಡಿಸಿದ್ದೆ. ನಮ್ಮತ್ತೆ ಹಬ್ಬದ ದಿನವೂ ಮಾತಾಡಿಸಲಿಲ್ಲ." ಗಂಟನ್ನು ಕಟ್ಟಿ ತನ್ನ ಕಡೆ ಎಳೆದುಕೊಂಡಳು. "ತೀರಿತು ಹೋಗು. ಹೋಗೋದಲ್ಲ, ಕೂತ್ಕೋ. ಕಾಫಿ ಕುಡೀರಿ ಇಬ್ರೂ." ಅರ್ಧ ಎದ್ದವಳು ನಿಂತಳು. "ಅಂತೂ ಆ ಮಳೆ ನಿಂದೇ ಅಂತ ಒಪ್ಪಿಕೊಂಡ ಹಾಗಾಯ್ತು?"

"ನಂದು ಹೌದೋ ಅಲ್ಲವೋ ಇವತ್ತಿಗೂ ಗೊತ್ತಿಲ್ಲ ಅಕ್ಕ. ಹಾರ ಹಾಕಿಸ್ಕೊಂಡಿದ್ದು ಮಾತ್ರ ನಾನೇ."

ಕೆಂಪಾಜಮ್ಮ ಒಳಗೆ ಹೋದಳು. ಕಾಫಿ ಪುಡಿಯ ಡಬ್ಬದ ಸದ್ದು ಕೇಳಿಸಿತು.

ವಾರಿಜ ಜಗಲಿಯ ಮೇಲೆ ಗುರುವಿನ ಪಕ್ಕ ಕೂತಳು. ತಿಂಗಳ ಮೇಲಾಗಿತ್ತು ಅವಳು ಹೀಗೆ ಎರಡೂ ಕೈ ಖಾಲಿ ಬಿಟ್ಟು ಕೂತು.

"ಮುಂಗಾರಿಗೆ ಬಾ ಅಂತ ಕರೆ ಬಂದಿದೆ ಅವ್ವ. ಇದೇ ದಿಬ್ಬದ ಮೇಲೆ. ಹೋಗಲಾ, ಬೇಡವಾ?"

ದುಂಡಮ್ಮ ತೊಳೆದಂತಿದ್ದ ಆಕಾಶವನ್ನು ಒಂದು ಸಲ, ಶಿಷ್ಯೆಯನ್ನು ಒಂದು ಸಲ ನೋಡಿದಳು.

"ಹೋಗು ಮಗಾ. ಮೋಡದೊಳಕ್ಕೆ ನುಗ್ಗೋ ಮುಂಚೆ ಒಂದು ಸಲ ಕೆಳಗೆ ಬಗ್ಗಿ ನೋಡು. ಯಾರ ಅಂಗಳದಲ್ಲಾದರೂ ಚಂದ್ರಿಕೆ ಕಂಡರೆ, ಇನ್ನೂ ನಾಲ್ಕು ದಿನ ಮೇಲೇ ಸುತ್ತು ಹೊಡೀತಾ ಇರು. ಸುತ್ತೋದು ಹೆಂಗೂ ನಿನಗೆ ಇಷ್ಟ."